ಆಲ್-ಸ್ಟಾರ್ ಪಂದ್ಯಕ್ಕೆ ಮಗನನ್ನು ಕಳಿಸಬೇಕೇ?

ಅಮೆರಿಕದ ಹೈಸ್ಕೂಲುಗಳಲ್ಲಿ ಫುಟ್‌ಬಾಲ್ ಸೀಸನ್ ಮುಗಿಯುತ್ತಿದ್ದಂತೆ ಹನ್ನೆರಡನೇ ತರಗತಿಯ ಆಯ್ದ ಹುಡುಗರಿಗೆ ಆಲ್-ಸ್ಟಾರ್ ಪಂದ್ಯಗಳ, ಅಂದರೆ ಬೇರೆ ಬೇರೆ ಶಾಲೆಗಳ ಅತ್ಯುತ್ತಮರನ್ನು ಕೂಡಿಸಿ ಆಡಿಸುವ ಪಂದ್ಯಗಳ, ಕರೆ ಬರತೊಡಗುತ್ತದೆ. ಇದು ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಮೈಗೆ ಮೈ ಡಿಕ್ಕಿ ಕೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ಕನ್ನಡ ಮನೆಗಳಿಂದಲೂ, ಇಲ್ಲಿನ ಅಜ್ಜ ಅಜ್ಜಿಯರಿಂದಲೂ ಬಂದ ಪ್ರಶ್ನೆಗಳಿಗೆ ಹೈಸ್ಕೂಲ್ ಕೋಚಿಂಗ್ ಮತ್ತು ಕ್ರೀಡಾ ವೈದ್ಯಕೀಯ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿರುವ ಮೊಮ್ಮಗ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದಾನೆ. ಮಗಳಿಗೆ ಹಿಗ್ಗು, ಅಳಿಯಂದಿರು ಮಾತ್ರ ಬೇಡವೆನ್ನುತ್ತಿದ್ದಾರೆ. ತಾನಾಗಿ ಬಂದ ಗೌರವವನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? (ಮೈಸೂರಿನ ಓದುಗರು)

ಉತ್ತರ: ಗೌರವವೇನೋ ನಿಜ. ಪೆನ್ಸಿಲ್ವೇನಿಯಾದ ‘ಬಿಗ್ 33’ 1950ರ ದಶಕದ ಕೊನೆಯಿಂದ ನಡೆದುಬಂದಿದೆ. ಒಂದು ತಂಡಕ್ಕೆ 33 ಆಟಗಾರರು ಎಂಬುದರಿಂದ ಆ ಹೆಸರು. ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ನಡುವಿನ ಶ್ರೈನ್ ಬೌಲ್ ಇನ್ನೂ ಹಳೆಯದು, 1937ರದು. ಅದರ ಹಣ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಇವು ರಾಜ್ಯಮಟ್ಟದವು. ಇಡೀ ದೇಶದಿಂದ ಆಟಗಾರರನ್ನು ಆರಿಸುವ ಪಂದ್ಯಗಳೂ ಇವೆ: ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಜನವರಿಯಲ್ಲಿ ನಡೆಯುವ ಆಲ್-ಅಮೆರಿಕನ್ ಬೌಲ್, 2008ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಶುರುವಾದ ಅಂಡರ್ ಆರ್ಮರ್ ಪಂದ್ಯ, 2017ರಲ್ಲಿ ಹವಾಯಿಯಲ್ಲಿ ಶುರುವಾದ ಪಾಲಿನೇಷಿಯನ್ ಬೌಲ್.

ಅಳಿಯಂದಿರ ಅಳುಕಿಗೂ ಕಾರಣವಿದೆ. ಬೇರೆ ಬೇರೆ ಶಾಲೆಗಳ ಹುಡುಗರು ಐದಾರು ದಿನ ಒಟ್ಟಿಗೆ ಅಭ್ಯಾಸ ಮಾಡಿ ನೇರವಾಗಿ ಪಂದ್ಯಕ್ಕಿಳಿಯುತ್ತಾರೆ. ಪಕ್ಕದವನು ಯಾವ ಕಡೆ ಹೆಜ್ಜೆ ಇಡುತ್ತಾನೆಂಬ ಅಂದಾಜು ಇರುವುದಿಲ್ಲ. ಮೂರು ವರ್ಷ ಮುಂಸಾಲಿನ ನಡುವೆ ಸೆಂಟರ್ ಆಗಿ ಆಡಿದವನನ್ನು ಪಕ್ಕದ ಗಾರ್ಡ್ ಜಾಗದಲ್ಲಿ ನಿಲ್ಲಿಸುವುದೂ ಉಂಟು. ತಂಡ ಚಿಕ್ಕದಾದ್ದರಿಂದ ಈ ಮುಂಸಾಲಿನ ಲೈನ್‌ಮನ್‌ಗಳಿಗೆ ಬದಲಿಗಳು ಕಡಿಮೆ. ಮೂರನೇ ಕ್ವಾರ್ಟರಿನ ಹೊತ್ತಿಗೆ ಅವರ ಕಾಲು ಸೋತಿರುತ್ತದೆ. ಸೋತ ಕಾಲಿನ ಮೇಲೆ 130 ಕಿಲೋದವನೊಬ್ಬ ಬಿದ್ದರೆ ಮಂಡಿಯ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದು ಸಂಘಟಕರಿಗೂ ಗೊತ್ತು. ಅದಕ್ಕೇ ಬಹುತೇಕ ಪಂದ್ಯಗಳಲ್ಲಿ ವಿಶೇಷ ನಿಯಮಗಳಿವೆ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಬ್ಲಿಟ್ಜ್ ಮಾಡುವಂತಿಲ್ಲ (ಹಿಂದಿನ ಸಾಲಿನ ರಕ್ಷಕರು ಹೆಚ್ಚುವರಿಯಾಗಿ ನುಗ್ಗುವಂತಿಲ್ಲ), ರಕ್ಷಣಾ ಸಾಲಿನ ರಚನೆ ಗೊತ್ತುಪಡಿಸಿದ್ದೇ ಆಗಿರಬೇಕು, ಪಂಟ್ (ಚೆಂಡನ್ನು ದೂರಕ್ಕೆ ಒದೆಯುವುದು) ತಡೆಯಲು ನುಗ್ಗುವಂತಿಲ್ಲ. ನಿಮ್ಮ ಮೊಮ್ಮಗನ ಪಂದ್ಯದ ನಿಯಮಗಳ ಹಾಳೆಯನ್ನು ಅಳಿಯಂದಿರು ತರಿಸಿಕೊಂಡು ಓದಲಿ. ಅಂಥ ಹಾಳೆಯೇ ಇಲ್ಲವೆಂದರೆ ಅವರ ಮಾತೇ ಸರಿ.

ವೃತ್ತಿಪರರು ಈ ಲೆಕ್ಕಾಚಾರವನ್ನು ಎಂದೋ ಮುಗಿಸಿದ್ದಾರೆ. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ತನ್ನ ಆಲ್-ಸ್ಟಾರ್ ಪಂದ್ಯವಾದ ಪ್ರೊ ಬೌಲ್‌ನಲ್ಲಿ ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಆಟವನ್ನೇ ಕೈಬಿಟ್ಟು 2023ರಿಂದ ಫ್ಲ್ಯಾಗ್ ಫುಟ್‌ಬಾಲ್ ಆಡಿಸುತ್ತಿದೆ. ಕೋಟಿಗಟ್ಟಲೆ ಸಂಬಳ ಪಡೆಯುವವರು ಕೆಡವುವ ಬದಲು ಎದುರಾಳಿಯ ಸೊಂಟದ ಪಟ್ಟಿ ಕಿತ್ತು ಆಡುತ್ತಾರೆ, ಹೈಸ್ಕೂಲ್ ಹುಡುಗರು ಈಗಲೂ ಟ್ಯಾಕಲ್ ಮಾಡುತ್ತಾರೆ!

ಪ್ರಶ್ನೆ: ಮಗ ಡಿಸೆಂಬರಿನಲ್ಲಿ ಕಾಲೇಜು ಕ್ರೀಡೆಯ ಅತ್ಯುನ್ನತ ಮಟ್ಟವಾದ ಡಿವಿಷನ್ 1ರ ಕಾಲೇಜೊಂದಕ್ಕೆ ಆಡಲು ಸೈನ್ ಮಾಡಿದ್ದಾನೆ, ಪೂರ್ಣ ಸ್ಕಾಲರ್‌ಶಿಪ್. ಈಗ ಜುಲೈನಲ್ಲಿ ನಡೆಯುವ ಪಂದ್ಯವೊಂದಕ್ಕೆ ಕರೆದಿದ್ದಾರೆ. ಅವನು ಹೋಗಿಯೇ ಸಿದ್ಧ ಅನ್ನುತ್ತಾನೆ. ನನಗೆ ಧೈರ್ಯ ಸಾಲದು. (ಟೆಕ್ಸಸ್‌ನ ಫ್ರಿಸ್ಕೊದಿಂದ ತಾಯಿಯೊಬ್ಬರು)

ಉತ್ತರ: ಡಿಸೆಂಬರ್ ಪಂದ್ಯವಾಗಿದ್ದರೆ ಹೂಂ ಅನ್ನುತ್ತಿದ್ದೆವು. ಜುಲೈ ಪಂದ್ಯಕ್ಕೆ, ಅದರಲ್ಲೂ ಸೈನ್ ಆದ ಹುಡುಗನಿಗೆ, ನಮ್ಮ ಒಲವು ಬೇಡ ಎಂಬ ಕಡೆಗೇ. ಸ್ಕಾಲರ್‌ಶಿಪ್ ಪಡೆದ ಹೊಸ ಹುಡುಗರನ್ನು ಕಾಲೇಜುಗಳು ಸಾಮಾನ್ಯವಾಗಿ ಜೂನ್‌ನಲ್ಲೇ ಕರೆಸಿಕೊಂಡು ಬೇಸಿಗೆ ತರಗತಿ ಮತ್ತು ವ್ಯಾಯಾಮ ಶುರು ಮಾಡಿಸುತ್ತವೆ. ಆಗಸ್ಟ್‌ನಲ್ಲಿ ಕ್ಯಾಂಪ್. ನಡುವೆ ಒಂದು ವಾರ ಎದ್ದುಹೋಗಿ ಬೇರೆ ಕೋಚ್‌ಗಳ ಕೈಕೆಳಗೆ ಟ್ಯಾಕಲ್ ಆಡಿ ಬರುತ್ತೇನೆಂದರೆ ಹೆಚ್ಚಿನ ಕಾಲೇಜು ಕೋಚ್‌ಗಳು ಒಪ್ಪುವುದಿಲ್ಲ. ಹಾಗಾಗಿ ಮೊದಲ ಕೆಲಸ, ಮಗನೇ ಕಾಲೇಜಿನಲ್ಲಿ ತನ್ನ ಜಾಗದ ಆಟಗಾರರನ್ನು ನೋಡಿಕೊಳ್ಳುವ ಪೊಸಿಷನ್ ಕೋಚ್‌ಗೆ ಫೋನ್ ಮಾಡಿ ಕೇಳುವುದು. ನೀವು ಮಾಡಬೇಡಿ, ಅವನೇ ಮಾಡಲಿ. ಕೋಚ್ ‘ನಿನ್ನಿಷ್ಟ’ ಎಂದು ರಾಗ ಎಳೆದರೆ ಬೇಡ ಎಂದೇ ಅರ್ಥ.

ಎರಡನೆಯದು ಮಂಡಿ. ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿಬಂಧ) ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಮೈದಾನಕ್ಕೆ ಮರಳಲು 9ರಿಂದ 12 ತಿಂಗಳು ಬೇಕು. 9 ತಿಂಗಳಿಗೆ ಮೊದಲೇ ಮರಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು. ಜುಲೈಯಲ್ಲಿ ಹರಿದರೆ ಮೊದಲ ವರ್ಷ ಪೂರ್ತಿ ಹೋಯಿತು, ಮುಂದಿನ ವಸಂತದ ಅಭ್ಯಾಸವೂ ಅನುಮಾನ. ಸೈನ್ ಆದ ಒಪ್ಪಂದದ ಅವಧಿಯಲ್ಲಿ ಗಾಯದ ನೆಪ ಹೇಳಿ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ, ಅಷ್ಟರ ಮಟ್ಟಿಗೆ ನಿಶ್ಚಿಂತೆ. ಆದರೆ ಒಪ್ಪಂದ ಎಷ್ಟು ವರ್ಷದ್ದು ಎಂದು ತೆಗೆದು ನೋಡಿ. ಒಂದೇ ವರ್ಷದ್ದಾದರೆ ಆ ರಕ್ಷಣೆಯೂ ಒಂದೇ ವರ್ಷದ್ದು. ಇನ್ನು ತಂಡದಲ್ಲಿ ಅವನ ಜಾಗವನ್ನು ಯಾವ ಕಾಗದವೂ ಕಾಯುವುದಿಲ್ಲ. ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತ ಹೌಸ್ ಮೊಕದ್ದಮೆಯ ಇತ್ಯರ್ಥ 2025ರಲ್ಲಿ ಜಾರಿಗೆ ಬಂದ ಮೇಲೆ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿಯಿದೆ. ಹಿಂದಿನಂತೆ ಹೆಚ್ಚುವರಿ ಹುಡುಗರನ್ನು ಇಟ್ಟುಕೊಳ್ಳುವ ಸಡಿಲ ಈಗಿಲ್ಲ.

ಮೂರನೆಯದು ಬಿಸಿಲು. ತಾಯಂದಿರು ಇದನ್ನು ಕೊನೆಗೆ ಕೇಳುತ್ತಾರೆ, ನಾವು ಮೊದಲು ಕೇಳುತ್ತೇವೆ. ಶಾಲೆಯ ಅಭ್ಯಾಸ ಶುರುವಾಗುವಾಗ ದೇಹ ಬಿಸಿಲಿಗೆ ಹೊಂದಿಕೊಳ್ಳಲು 14 ದಿನಗಳ ಕ್ರಮವಿದೆ: ಮೊದಲ 2 ದಿನ ಬರೀ ಹೆಲ್ಮೆಟ್, 3ರಿಂದ 5ನೇ ದಿನದವರೆಗೆ ಹೆಲ್ಮೆಟ್ ಮತ್ತು ಭುಜದ ಪ್ಯಾಡ್, 6ನೇ ದಿನದಿಂದ ಪೂರ್ತಿ ಸಾಮಗ್ರಿ. ಮೊದಲ 5 ದಿನ ದಿನಕ್ಕೆ ಎರಡು ಅಭ್ಯಾಸ ಕೂಡದು. ಆಲ್-ಸ್ಟಾರ್ ವಾರ ಇರುವುದೇ ಐದಾರು ದಿನ. ಕಳೆದ ಸೀಸನ್ ಮುಗಿದ ಮೇಲೆ ಪ್ಯಾಡ್ ಮುಟ್ಟದ ಹುಡುಗನಿಗೆ ಎರಡನೇ ದಿನವೇ ಎಲ್ಲ ತೊಡಿಸಿ ಓಡಿಸಿದರೆ ಕ್ರಮ ತಲೆಕೆಳಗಾದಂತೆ. ಬಿಸಿಲಾಘಾತಗಳು ಹೆಚ್ಚಾಗಿ ಆಗುವುದೂ ಇಂಥ ಮೊದಲ ದಿನಗಳಲ್ಲೇ.

ಇಷ್ಟಾದರೂ ಹೋಗುತ್ತೇನೆಂದರೆ, ಹೊರಡುವ ಮೊದಲಿನ ಎರಡು ವಾರ ದಿನವೂ ಒಂದರಿಂದ ಒಂದೂವರೆ ಗಂಟೆ ಹೊರಗೆ ಬಿಸಿಲಲ್ಲಿ ಓಡಲಿ, ನಿಧಾನವಾಗಿ ಹೆಚ್ಚಿಸಲಿ. ಮನೆಯ ಎಸಿ ಕೋಣೆಯ ಟ್ರೆಡ್‌ಮಿಲ್ ಲೆಕ್ಕಕ್ಕಿಲ್ಲ. ಅಲ್ಲಿ ಪ್ರತಿ ಅಭ್ಯಾಸಕ್ಕೆ ಮೊದಲೂ ಆಮೇಲೂ ತೂಕ ನೋಡಿಕೊಳ್ಳಬೇಕು. ಇಳಿದ ಒಂದೊಂದು ಪೌಂಡಿಗೆ 20ರಿಂದ 24 ಔನ್ಸ್ ನೀರು ಅಥವಾ ಉಪ್ಪು ಸಕ್ಕರೆಯ ಪಾನೀಯ ಕುಡಿಯಬೇಕು. ಮರುದಿನ ಬೆಳಿಗ್ಗೆಯೂ ಮೂಲ ತೂಕಕ್ಕಿಂತ ಶೇಕಡಾ 3ಕ್ಕೂ ಹೆಚ್ಚು ಕಡಿಮೆಯಿದ್ದರೆ ಆ ದಿನ ಮೈದಾನಕ್ಕೆ ಇಳಿಯಬಾರದು.

ಸಂಘಟಕರಿಗೆ ಮೂರು ಪ್ರಶ್ನೆ ಬರವಣಿಗೆಯಲ್ಲಿ ಕಳಿಸಿ. ಪ್ರತಿ ಅಭ್ಯಾಸಕ್ಕೂ ಪರವಾನಗಿ ಇರುವ ಅಥ್ಲೆಟಿಕ್ ಟ್ರೇನರ್ (ಆಟಗಾರರ ಗಾಯ, ತುರ್ತು ಆರೈಕೆ ನೋಡಿಕೊಳ್ಳುವವರು) ಇರುತ್ತಾರೆಯೇ? ಬಿಸಿಲು, ತೇವ, ಗಾಳಿ ಮೂರನ್ನೂ ಅಳೆಯುವ ಡಬ್ಲ್ಯುಬಿಜಿಟಿ ಮಾಪಕ ಇದೆಯೇ, ಎಷ್ಟಕ್ಕೆ ಅಭ್ಯಾಸ ನಿಲ್ಲಿಸುತ್ತೀರಿ? (ಜಾರ್ಜಿಯಾದ ಶಾಲೆಗಳಲ್ಲಿ ಅದು 92 ಫ್ಯಾರನ್‌ಹೀಟ್ ದಾಟಿದರೆ ಹೊರಾಂಗಣ ಅಭ್ಯಾಸವೇ ಇಲ್ಲ.) ಮೈದಾನದ ಬದಿಯಲ್ಲಿ ಐಸ್ ನೀರು ತುಂಬಿದ ತೊಟ್ಟಿ ಸಿದ್ಧವಿರುತ್ತದೆಯೇ? ತೊಟ್ಟಿಯ ಪ್ರಶ್ನೆ ಮುಖ್ಯ. ಬಿಸಿಲಾಘಾತವಾದವನು ತೊದಲುತ್ತಾನೆ, ತೂರಾಡುತ್ತಾನೆ, ಎಲ್ಲಿದ್ದೇನೆಂದು ತಿಳಿಯದೆ ರೇಗುತ್ತಾನೆ. ಅವನನ್ನು ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ ಕಾಯುವುದು ತಪ್ಪು. ಕುತ್ತಿಗೆಯವರೆಗೆ ಐಸ್ ನೀರಿನಲ್ಲಿಳಿಸಿ, ತಲೆ ಮುಳುಗದಂತೆ ಹಿಡಿದು, ಅರ್ಧ ಗಂಟೆಯೊಳಗೆ ದೇಹದ ಒಳಗಿನ ಉಷ್ಣತೆಯನ್ನು 102 ಫ್ಯಾರನ್‌ಹೀಟ್‌ಗೆ ಇಳಿಸಬೇಕು. ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ‘ವಾಟರ್ ಬಾಟಲಿ ಬೇಕಾದಷ್ಟಿವೆ’ ಎಂಬ ಉತ್ತರ ಬಂದರೆ ಕಳಿಸಬೇಡಿ.

ಇನ್ನೊಂದು ಮಾತು. ನಿಮ್ಮ ಮಗ ಭಾರತದಲ್ಲಿ ಹುಟ್ಟಿದವನಾದರೆ ಸಿಕಲ್ ಸೆಲ್ ಲಕ್ಷಣದ (ಕೆಂಪು ರಕ್ತಕಣಕ್ಕೆ ಸಂಬಂಧಿಸಿದ ಆನುವಂಶಿಕ ಗುಣ) ರಕ್ತಪರೀಕ್ಷೆ ಆಗಿದೆಯೇ ನೋಡಿ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟಿದಾಗಲೇ ಆಗಿರುತ್ತದೆ, ನಮ್ಮಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಆಗಿರುವುದಿಲ್ಲ. ಈ ಲಕ್ಷಣ ಇದ್ದರೂ ಆಡಬಹುದು. ಆದರೆ ಬಿಸಿಲಲ್ಲಿ ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಓಡಿಸಬಾರದೆಂದು ಟ್ರೇನರ್‌ಗೆ ಗೊತ್ತಿರಬೇಕು.

ಪ್ರಶ್ನೆ: ಮಗನಿಗೆ ಡಿಸೆಂಬರ್ ಮತ್ತು ಜನವರಿಯಲ್ಲಿ ಒಟ್ಟು ಮೂರು ಪಂದ್ಯಗಳ ಕರೆ ಬಂದಿದೆ. ಮೂರೂ ಆಡಬಹುದೇ? ಅವನು ವಸಂತದಲ್ಲಿ ಶಾಲೆಗೆ ಟ್ರ್ಯಾಕ್‌ನಲ್ಲೂ ಓಡುತ್ತಾನೆ. (ಉತ್ತರ ಕೆರೊಲಿನಾದ ಕ್ಯಾರಿಯಿಂದ ತಂದೆ)

ಉತ್ತರ: ಮೂರು ಬೇಡ. ಹೈಸ್ಕೂಲ್ ತಂಡದಲ್ಲಿ ಆಡುವ ಅರ್ಹತೆ ಮುಗಿದ ಮೇಲೆ, ಹೈಸ್ಕೂಲ್ ಮುಗಿಸುವ ಮೊದಲು ಎರಡಕ್ಕಿಂತ ಹೆಚ್ಚು ಆಲ್-ಸ್ಟಾರ್ ಫುಟ್‌ಬಾಲ್ ಪಂದ್ಯ ಆಡಿದವನಿಗೆ ಕಾಲೇಜಿನ ಮೊದಲ ವರ್ಷದ ಸ್ಪರ್ಧೆಯನ್ನು ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ನಿಯಮ ನಿರಾಕರಿಸುತ್ತದೆ. ಸೇರಲಿರುವ ಕಾಲೇಜಿನ ಕಂಪ್ಲಯನ್ಸ್ (ನಿಯಮ ಪಾಲನೆ ನೋಡಿಕೊಳ್ಳುವ) ಕಚೇರಿಗೆ ಮೂರೂ ಪಂದ್ಯಗಳ ಹೆಸರು, ದಿನಾಂಕ ಬರೆದು ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಫೋನಿನ ಮಾತು ನಾಳೆ ಕೈಗೆ ಸಿಗುವುದಿಲ್ಲ.

ನಮ್ಮ ಮಾತು ಕೇಳುವುದಾದರೆ ಎರಡೂ ಬೇಡ, ಒಂದೇ ಸಾಕು. ನಾಲ್ಕು ತಿಂಗಳು ಡಿಕ್ಕಿ ತಿಂದ ಮೈ, ಡಿಸೆಂಬರ್ ಪರೀಕ್ಷೆಗಳು, ಹಾಗೂ ಜನವರಿಯಲ್ಲೇ ಕಾಲೇಜು ಸೇರುವವನಾದರೆ ಸಾಮಾನು ಕಟ್ಟುವ ಗಡಿಬಿಡಿ.

ರಾಜ್ಯದ ಹೈಸ್ಕೂಲ್ ಅಥ್ಲೆಟಿಕ್ ಸಂಸ್ಥೆಯ ನಿಯಮ ಬೇರೆಯೇ ಇರುತ್ತದೆ. ಫುಟ್‌ಬಾಲ್ ಅರ್ಹತೆ ಮುಗಿಯುವ ಮೊದಲೇ, ಅಂದರೆ ಹನ್ನೊಂದನೇ ತರಗತಿಯಲ್ಲಿ, ಆಲ್-ಸ್ಟಾರ್ ಆಡಿದವನ ಮುಂದಿನ ಸೀಸನ್ನಿಗೇ ಅನೇಕ ರಾಜ್ಯಗಳಲ್ಲಿ ಕುತ್ತು ಬರುತ್ತದೆ. ಸಂಸ್ಥೆಯ ಮಂಜೂರಾತಿ ಇಲ್ಲದ ಪಂದ್ಯ ಆಡಿದರೆ ಬೇರೆ ಆಟಗಳಿಗೂ ತೊಡಕಾಗಬಹುದು, ನಿಮಗೆ ಟ್ರ್ಯಾಕ್ ಇರುವುದರಿಂದ ಇದು ಮುಖ್ಯ. ಶಾಲೆಯ ಅಥ್ಲೆಟಿಕ್ ಡೈರೆಕ್ಟರ್ ಸಹಿ ಬೀಳದೆ ಯಾವ ಫಾರಂ ಕೂಡ ಹೋಗಕೂಡದು.

ಪ್ರಶ್ನೆ: ‘ನಿಮ್ಮ ಮಗ ಆಲ್-ಅಮೆರಿಕನ್ ಆಗಿ ಆಯ್ಕೆಯಾಗಿದ್ದಾನೆ, 1,200 ಡಾಲರ್ ಕಟ್ಟಿ ಸ್ಥಾನ ಖಚಿತಪಡಿಸಿಕೊಳ್ಳಿ’ ಎಂಬ ಇಮೇಲ್ ಬಂದಿದೆ. ಅವನಿನ್ನೂ ಒಂಬತ್ತನೇ ತರಗತಿ. ಹಣ ಕಟ್ಟಬೇಕೇ? (ನ್ಯೂಜೆರ್ಸಿಯ ಓದುಗರು)

ಉತ್ತರ: ಬೇಡ. ಹೆಸರಿನಲ್ಲಿ ‘ಆಲ್-ಅಮೆರಿಕನ್’ (ದೇಶದ ಅತ್ಯುತ್ತಮರಲ್ಲೊಬ್ಬ) ಎಂದು ಸೇರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲದ ಕಾರಣ ಇಂಥವು ನಾಯಿಕೊಡೆಗಳಂತೆ ಏಳುತ್ತವೆ. ಗುರುತಿಸುವುದು ಸುಲಭ. ಮಗನ ಕೋಚ್‌ಗೆ ಯಾರೂ ಫೋನ್ ಮಾಡಿರುವುದಿಲ್ಲ. ಅವನ ಜಾಗ, ಎತ್ತರ, ತೂಕ ಇಮೇಲ್‌ನಲ್ಲಿ ಇರುವುದಿಲ್ಲ, ಇದ್ದರೂ ತಪ್ಪಿರುತ್ತದೆ. ಮೂರು ದಿನದೊಳಗೆ ಹಣ ಕಟ್ಟದಿದ್ದರೆ ಸ್ಥಾನ ಬೇರೆಯವರಿಗೆ ಎಂಬ ಗಡುವು, ಅವರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಷರತ್ತು, ಪಾಲಕರಿಗೂ ಟಿಕೆಟ್. ಒಟ್ಟು ಖರ್ಚು ಶುಲ್ಕದ ಎರಡರಷ್ಟಾಗುತ್ತದೆ.

ಒಳ್ಳೆಯ ರಾಜ್ಯಮಟ್ಟದ ಪಂದ್ಯಗಳಲ್ಲಿ ಹೆಸರು ಸೂಚಿಸುವವರು ಕೋಚ್‌ಗಳು. ಊಟ ವಸತಿಯ ಖರ್ಚು ಪ್ರಾಯೋಜಕರದು, ಇಲ್ಲವೇ ಟಿಕೆಟ್ ಮತ್ತು ಜಾಹೀರಾತಿನ ಹಣದಿಂದ. ಕೆಲವು ದತ್ತಿ ಪಂದ್ಯಗಳು ಆಟಗಾರನಿಂದ ದೇಣಿಗೆ ಸಂಗ್ರಹಿಸಲು ಹೇಳುತ್ತವೆ, ಅದು ಬೇರೆ ಮಾತು. ದೇಣಿಗೆ ಹೋಗುವ ಆಸ್ಪತ್ರೆ ಅಥವಾ ಸಂಸ್ಥೆಗೆ ನೇರವಾಗಿ ವಿಚಾರಿಸಬಹುದು.

ಒಂಬತ್ತನೇ ತರಗತಿಯವನಿಗೆ 1,200 ಡಾಲರ್ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ಶೂ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಬೇಸಿಗೆಯಲ್ಲಿ ಹತ್ತಿರದ ಕಾಲೇಜಿನ ಒಂದು ದಿನದ ಕ್ಯಾಂಪ್. ಆಮೇಲೂ ಹಣ ಉಳಿಯುತ್ತದೆ.

ಪ್ರಶ್ನೆ: ನಾನು ಸೀನಿಯರ್ (ಹನ್ನೆರಡನೇ ತರಗತಿ), ರಕ್ಷಣೆಯ ಎರಡನೇ ಸಾಲಿನ ಲೈನ್‌ಬ್ಯಾಕರ್. ಇನ್ನೂ ಯಾವ ಕಾಲೇಜಿನ ಆಫರೂ ಇಲ್ಲ. ಆಲ್-ಸ್ಟಾರ್ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಕೋಚ್‌ಗಳ ಕಣ್ಣಿಗೆ ಬೀಳುತ್ತೇನೆಯೇ? (ಜಾರ್ಜಿಯಾದ ವಿದ್ಯಾರ್ಥಿ)

ಉತ್ತರ: ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳುವುದು ಕಷ್ಟ. 2017ರಲ್ಲಿ ಡಿಸೆಂಬರ್ ಸೈನಿಂಗ್ ಶುರುವಾದ ಮೇಲೆ ಅವರ ಪಟ್ಟಿ ಆಗಲೇ ಬಹುಪಾಲು ತುಂಬುತ್ತದೆ. 2024ರಿಂದ ಅದು ಡಿಸೆಂಬರಿನ ಮೊದಲ ವಾರಕ್ಕೇ ಬಂದಿದೆ. ಉಳಿದ ಜಾಗಗಳಿಗೆ ಅವರು ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ, ಆಗಲೇ ಕಾಲೇಜು ಆಡಿದ ಹುಡುಗರತ್ತ ನೋಡುತ್ತಾರೆ.

ಆದರೆ ನಿಮ್ಮ ದಾರಿ ಮುಚ್ಚಿಲ್ಲ. ಡಿವಿಷನ್ 2, ಡಿವಿಷನ್ 3, ಎನ್‌ಎಐಎ (ಚಿಕ್ಕ ಕಾಲೇಜುಗಳ ಇನ್ನೊಂದು ಕ್ರೀಡಾ ಸಂಸ್ಥೆ) ಮತ್ತು ಎರಡು ವರ್ಷದ ಜೂನಿಯರ್ ಕಾಲೇಜುಗಳು ವಸಂತದವರೆಗೂ ಹುಡುಗರನ್ನು ಹುಡುಕುತ್ತಿರುತ್ತವೆ. ರಾಜ್ಯದ ಕೋಚ್‌ಗಳ ಸಂಘ ನಡೆಸುವ, ಶುಲ್ಕವಿಲ್ಲದ ಡಿಸೆಂಬರ್ ಪಂದ್ಯವಾದರೆ ಹೋಗಿ. ಅಲ್ಲಿ ನಿಮಗೆ ಸಿಗುವ ದೊಡ್ಡ ಲಾಭ ಪಂದ್ಯವಲ್ಲ, ಆ ವಾರದ ಅಭ್ಯಾಸದ ವಿಡಿಯೊ. ನಿಮ್ಮ ಎದುರಾಳಿ ಆಗಲೇ ಕಾಲೇಜಿಗೆ ಸೈನ್ ಆದ ಟೈಟ್ ಎಂಡ್ (ಚೆಂಡು ಹಿಡಿಯುವ, ತಡೆಯೂ ಒಡ್ಡುವ ಆಟಗಾರ) ಆಗಿದ್ದು, ಒಬ್ಬರೆದುರು ಒಬ್ಬರು ಡ್ರಿಲ್‌ನಲ್ಲಿ ನೀವು ಅವನನ್ನು ತಡೆದಿದ್ದರೆ, ಆ ಹತ್ತು ಸೆಕೆಂಡಿಗೆ ಇಡೀ ಸೀಸನ್ನಿನ ಸುಲಭದ ಟ್ಯಾಕಲ್‌ಗಳಿಗಿಂತ ಬೆಲೆ ಹೆಚ್ಚು. ಅಭ್ಯಾಸ ಚಿತ್ರೀಕರಿಸುತ್ತಾರೆಯೇ, ನಿಮಗೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ಅದಕ್ಕೂ ಮುಂಚೆ ಆಟದ ವಿಡಿಯೊ ಹಂಚುವ ಹಡಲ್ ತಾಣದಲ್ಲಿರುವ ನಿಮ್ಮ ವಿಡಿಯೊ ಸರಿಪಡಿಸಿ. ಮೂರರಿಂದ ನಾಲ್ಕು ನಿಮಿಷ, ಮೊದಲ 30 ಸೆಕೆಂಡಿನಲ್ಲೇ ನಿಮ್ಮ ಅತ್ಯುತ್ತಮ ಐದು ಆಟ, ಪ್ರತಿ ಆಟಕ್ಕೆ ಮೊದಲು ನಿಮ್ಮ ಮೇಲೊಂದು ಬಾಣದ ಗುರುತು. ಸಂಗೀತ ಬೇಡ, ನಿಧಾನ ಚಲನೆಯೂ ಬೇಡ. ಕೋಚ್‌ಗೆ ನೋಡಬೇಕಿರುವುದೇ ನಿಮ್ಮ ನಿಜವಾದ ವೇಗ. ಜೊತೆಗೆ ಒಂದು ಪೂರ್ತಿ ಪಂದ್ಯದ ಲಿಂಕ್, ಅಂಕಪಟ್ಟಿ, ನಿಮ್ಮ ಕೋಚ್‌ನ ಫೋನ್ ನಂಬರ್. ಇವನ್ನು ಆಯಾ ಕಾಲೇಜಿನಲ್ಲಿ ನಿಮ್ಮ ಪ್ರದೇಶ ನೋಡಿಕೊಳ್ಳುವ ಕೋಚ್‌ಗೆ ಕಳಿಸಿ, ಮುಖ್ಯ ಕೋಚ್‌ಗಲ್ಲ.

ಅಂಕ ಚೆನ್ನಾಗಿದ್ದರೆ ಎಂಐಟಿ, ಕಾರ್ನೆಗಿ ಮೆಲನ್, ಜಾನ್ಸ್ ಹಾಪ್‌ಕಿನ್ಸ್, ಷಿಕಾಗೊ ವಿಶ್ವವಿದ್ಯಾಲಯಗಳೆಲ್ಲ ಡಿವಿಷನ್ 3ರಲ್ಲಿ ಫುಟ್‌ಬಾಲ್ ಆಡುತ್ತವೆ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಹಣಕಾಸಿನ ನೆರವು ಬೇರೆ ದಾರಿಯಿಂದ. ಆದರೆ ಇಂಥ ಕಡೆ ಅರ್ಜಿಯ ಮೊದಲ ಗಡುವು ಸಾಮಾನ್ಯವಾಗಿ ನವೆಂಬರ್ ಆರಂಭದಲ್ಲೇ, ಅಂದರೆ ಆಲ್-ಸ್ಟಾರ್ ಪಂದ್ಯಕ್ಕೆ ಒಂದು ತಿಂಗಳು ಮೊದಲೇ ಇರುತ್ತದೆ.

ಪ್ರಶ್ನೆ: ನಾವು ಉದ್ಯೋಗದ ಎಚ್-1ಬಿ, ಮಗ ಅವಲಂಬಿತರ ಎಚ್-4 ವೀಸಾದಲ್ಲಿದ್ದಾನೆ. ಬೇರೆ ರಾಜ್ಯದಲ್ಲಿ ನಡೆಯುವ ಪಂದ್ಯ. ವಿಮೆ, ಕಾಗದಪತ್ರ ಏನೇನು ನೋಡಬೇಕು? (ಕ್ಯಾಲಿಫೋರ್ನಿಯಾದ ದಂಪತಿ)

ಉತ್ತರ: ಶಾಲೆಯ ವಿಮೆ ಶಾಲೆಯ ಪಂದ್ಯಗಳಿಗೆ. ಇದು ಖಾಸಗಿ ಸಂಘಟಕರ ಪಂದ್ಯವಾದ್ದರಿಂದ ಅದನ್ನು ನಂಬಬೇಡಿ. ಸಂಘಟಕರ ಅಪಘಾತ ವಿಮೆ ಸಾಮಾನ್ಯವಾಗಿ ನಿಮ್ಮ ವಿಮೆಯ ನಂತರ ಬರುವಂಥದ್ದು: ಮೊದಲು ನಿಮ್ಮದು ಕೊಡಬೇಕು, ಉಳಿದದ್ದರಲ್ಲಿ ಡಿಡಕ್ಟಿಬಲ್ (ನೀವೇ ಭರಿಸಬೇಕಾದ ಮೊತ್ತ) ಕಳೆದು ಅವರು ಕೊಡುತ್ತಾರೆ. ಪಾಲಿಸಿಯ ಪ್ರತಿ ಕೇಳಿ. ಗರಿಷ್ಠ ಮೊತ್ತ ಎಷ್ಟು, ಗಾಯವಾದ ಎಷ್ಟು ದಿನದೊಳಗೆ ಚಿಕಿತ್ಸೆ ಶುರುವಾಗಬೇಕು, ಎಷ್ಟು ಕಾಲ ಖರ್ಚು ಕೊಡುತ್ತಾರೆ ಎಂಬ ಮೂರು ಸಾಲು ಹುಡುಕಿ. 52 ವಾರಕ್ಕೆ ನಿಲ್ಲುವ ಪಾಲಿಸಿಗಳು ಸಾಮಾನ್ಯ. ಶಸ್ತ್ರಚಿಕಿತ್ಸೆ ತಡವಾದರೆ ಎಸಿಎಲ್‌ನ ಫಿಸಿಯೊಥೆರಪಿ ಅದರಾಚೆ ಹೋಗಬಹುದು. ನಿಮ್ಮದು ಎಚ್‌ಎಂಒ (ಗೊತ್ತುಪಡಿಸಿದ ವೈದ್ಯರು, ಆಸ್ಪತ್ರೆಗಳಿಗಷ್ಟೇ ಸೀಮಿತವಾದ ವಿಮೆ) ಆದರೆ ಹೊರ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಎಂಆರ್‌ಐ, ಶಸ್ತ್ರಚಿಕಿತ್ಸೆಗೆ ಮನೆಗೇ ಮರಳಬೇಕು.

ಮಗನಿಗೆ 18 ತುಂಬಿದ್ದರೆ ಇನ್ನೊಂದು ಕಾಗದ ಬೇಕು. ವಯಸ್ಕನಾದ ಮೇಲೆ ಅವನ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ನಿಮಗೆ ವಿವರ ಹೇಳದಿರಬಹುದು. ಅವನು ಸಹಿ ಮಾಡಿದ ವೈದ್ಯಕೀಯ ಮಾಹಿತಿಯ ಅನುಮತಿ ಪತ್ರ ಮತ್ತು ಅವನ ಪರವಾಗಿ ನಿರ್ಧರಿಸುವ ಅಧಿಕಾರ ಪತ್ರ, ಎರಡರ ಫೋಟೊವನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. 18 ಆಗಿಲ್ಲದಿದ್ದರೆ ನಿಮ್ಮ ಗೈರಿನಲ್ಲಿ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಪತ್ರ ಸಂಘಟಕರ ಕೈಯಲ್ಲಿರಬೇಕು.

ವೀಸಾ ವಿಷಯ: ಪಂದ್ಯ ಆಡಲು ಅಡ್ಡಿಯಿಲ್ಲ, ಹಣ ಪಡೆಯಲು ಇದೆ. ಎಚ್-4ನಲ್ಲಿರುವ ಮಕ್ಕಳಿಗೆ ಕೆಲಸದ ಅನುಮತಿ ಇಲ್ಲ. ಎಚ್-4 ಇಎಡಿ (ಕೆಲಸದ ಅನುಮತಿ ಪತ್ರ) ಕೂಡ ಸಂಗಾತಿಗೆ ಮಾತ್ರ. ಪಂದ್ಯದ ವಾರದಲ್ಲಿ ಶೂ ಕಂಪನಿಯೋ ಕಾರ್ಡ್ ಕಂಪನಿಯೋ ಬಂದು ಹೆಸರು, ಚಿತ್ರ ಬಳಸಲು ಹಣ ಕೊಡುತ್ತೇವೆಂದು ಕಾಗದ ಚಾಚಿದರೆ, ಗೆಳೆಯರೆಲ್ಲ ಸಹಿ ಹಾಕುತ್ತಿದ್ದರೂ ಅವನು ಹಾಕಬಾರದು. ಮೊದಲು ವಲಸೆ ವಕೀಲರು ನೋಡಲಿ.

ಪ್ರಶ್ನೆ: ಹೆಲ್ಮೆಟ್ ಅವರೇ ಕೊಡುತ್ತಾರಂತೆ. ಸಾಕೇ? (ಓಹಾಯೊ)

ಉತ್ತರ: ದೊಡ್ಡ ಪಂದ್ಯಗಳು ತಲೆಯ ಅಳತೆ ಪಡೆದು ಹೊಸದು ಕೊಡುತ್ತವೆ. ಚಿಕ್ಕವು ಶಾಲೆಯ ಹೆಲ್ಮೆಟ್ಟನ್ನೇ ತರಲು ಹೇಳಿ ಸ್ಟಿಕ್ಕರ್ ಅಂಟಿಸುತ್ತವೆ. ಆಯ್ಕೆ ಇದ್ದರೆ ಶಾಲೆಯದೇ ಮೇಲು, ಅದು ತಲೆಗೆ ಪಳಗಿರುತ್ತದೆ. ಅದು ಶಾಲೆಯ ಸ್ವತ್ತು, ಕೊಂಡೊಯ್ಯಲು ಪತ್ರ ಬೇಕು. ಸೀಸನ್ ಮುಗಿದೊಡನೆ ರಿಪೇರಿ ಕಂಪನಿಗೆ ಕಳಿಸಿಬಿಡುತ್ತಾರೆ, ಮೊದಲೇ ಹೇಳಿಡಿ. ಹೊಸದಾದರೆ ಮುಂಭಾಗದ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ಇರಬೇಕು. ಮುಖದ ಜಾಲರಿ ಹಿಡಿದು ಅಲುಗಿಸಿದರೆ ಹಣೆಯ ಚರ್ಮ ಜೊತೆಗೇ ಅಲುಗಬೇಕು, ಹೆಲ್ಮೆಟ್ ಒಂಟಿಯಾಗಿ ತಿರುಗಬಾರದು. ಗಾಳಿ ತುಂಬುವ ಪ್ಯಾಡ್ ಆದರೆ ಊರಿನ ಎತ್ತರ, ಚಳಿ ಬದಲಾದಂತೆ ಬಿಗಿತವೂ ಬದಲಾಗುತ್ತದೆ. ದಿನವೂ ಪರೀಕ್ಷಿಸಿ.

ಪ್ರಶ್ನೆ: ಅಕ್ಟೋಬರಿನಲ್ಲಿ ಮಗನಿಗೆ ಕನ್ಕಷನ್ (ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಗುವ ಆಘಾತ) ಆಗಿತ್ತು. ವೈದ್ಯರು ಒಪ್ಪಿದ ಮೇಲೆ ಕೊನೆಯ ಎರಡು ಪಂದ್ಯ ಆಡಿದ. ಡಿಸೆಂಬರ್ ಪಂದ್ಯಕ್ಕೆ ಕಳಿಸಬಹುದೇ? (ಇಲಿನಾಯ್)

ಉತ್ತರ: ಆಟಕ್ಕೆ ಆರು ಹಂತಗಳಲ್ಲಿ ಮರಳುವ ಕ್ರಮವನ್ನು ಹಂತಕ್ಕೆ ಕನಿಷ್ಠ 24 ಗಂಟೆಯಂತೆ ಮುಗಿಸಿ, ಲಕ್ಷಣಗಳಿಲ್ಲದೆ ಎರಡು ಪಂದ್ಯ ಆಡಿದ್ದರೆ ವೈದ್ಯಕೀಯವಾಗಿ ತಡೆಯಿಲ್ಲ. ಇದು ಅವನಿಗೆ ಎರಡನೆಯದೋ ಮೂರನೆಯದೋ ಆಗಿದ್ದರೆ ಮಾತ್ರ ಬೇಡ. 2014ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಕನ್ಕಷನ್ ಕಾನೂನು ಬಂದಿದೆ. ಆದರೆ ಬಹುಪಾಲು ಶಾಲಾ ಕ್ರೀಡೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಖಾಸಗಿ ಸಂಘಟಕರಿಗೆ ಅನ್ವಯಿಸುತ್ತದೆಯೇ ಎಂಬುದು ರಾಜ್ಯಕ್ಕೊಂದು ತರ. ಅಕ್ಟೋಬರಿನ ವರದಿಯನ್ನೂ, ಸೀಸನ್ನಿಗೆ ಮೊದಲು ಮಾಡಿದ ಬೇಸ್‌ಲೈನ್ (ಮಿದುಳಿನ ಸಹಜ ಸ್ಥಿತಿ ದಾಖಲಿಸುವ) ಪರೀಕ್ಷೆಯನ್ನೂ ಅಲ್ಲಿನ ಅಥ್ಲೆಟಿಕ್ ಟ್ರೇನರ್‌ಗೆ ಒಂದು ವಾರ ಮೊದಲು ಕಳಿಸಿ. ಅವರು ಮಗನನ್ನು ಹಿಂದೆ ನೋಡಿದವರಲ್ಲ. ಅವನ ಮಾತು, ನಡಿಗೆ ಎಂದಿನಂತಿದೆಯೇ ಎಂದು ತಿಳಿಯಲು ಅವರ ಬಳಿ ಆ ಕಾಗದ ಬಿಟ್ಟರೆ ಬೇರೇನೂ ಇರುವುದಿಲ್ಲ.